ಕಾನೆಸ್ಟೋಗಾ: ಕಲ್ಲಿದ್ದಲು ಎಳೆದು ನೌಕಾಪಡೆ ಸೇರಿದ ಟಗ್‌ಬೋಟ್

ಕಳೆದ ತಿಂಗಳು ಘಟಕ ಪರೀಕ್ಷೆಗೆ ಓದುತ್ತಿದ್ದಾಗ ನನ್ನ ತಾಳೆಪಟ್ಟಿ ತಾಳೆಯಾಗಲಿಲ್ಲ. 900 ರೂಪಾಯಿ ವ್ಯತ್ಯಾಸ. ಕೊನೆಯ ಪುಟದಿಂದ ಹಿಂದಕ್ಕೆ ಹುಡುಕುತ್ತಾ ಎರಡು ಗಂಟೆ ಕಳೆದೆ, ಸಿಗಲಿಲ್ಲ. ಮರುದಿನ ಲೆಕ್ಕಶಾಸ್ತ್ರದ ಸರ್ ನನ್ನ ಪುಸ್ತಕ ತಿರುವಿ ಮೊದಲ ಪುಟದಲ್ಲೇ ಬೆರಳಿಟ್ಟರು. ಖಾತೆಗೆ ಇಳಿಸುವಾಗ 1,000 ಎಂದು ಬರೆಯಬೇಕಾದಲ್ಲಿ 100 ಎಂದು ಬರೆದಿದ್ದೆ. "ತಪ್ಪು ಗೊತ್ತಾಗುವುದು ಕೊನೆಯಲ್ಲಿ. ಆದರೆ ಅದು ಕೊನೆಯಲ್ಲೇ ನಡೆದಿರಬೇಕೆಂದು ಏನಿದೆ?" ಎಂದರು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಈ ಸಂಚಿಕೆಗೆ ಸಾರಿಗೆಯ ಬಗ್ಗೆ ಯಾರಾದರೂ ಒಂದು ಅಧ್ಯಯನ ಲೇಖನ ಬರೆಯಿರಿ ಎಂದು ವ್ಯವಹಾರ ಅಧ್ಯಯನದ ಮೇಡಂ ಹೇಳಿದಾಗ ನಾನು ಹಡಗನ್ನು ಆರಿಸಿಕೊಂಡೆ. ದೊಡ್ಡ ಹಡಗುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬೇರೆ ಹಡಗುಗಳನ್ನು ಎಳೆಯುವ ಚಿಕ್ಕ ಹಡಗಿನ ಬಗ್ಗೆ ಬರೆಯೋಣ ಎಂದುಕೊಂಡೆ. ಹಾಗೆ ಓದುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಒಂದು ಟಗ್‌ಬೋಟ್. ಹೆಸರು ಕಾನೆಸ್ಟೋಗಾ. ಹದಿಮೂರು ವರ್ಷ ಅದು ಒಂದು ರೈಲ್ವೆ ಕಂಪನಿಯ ಕಲ್ಲಿದ್ದಲು ಎಳೆಯಿತು. ಆಮೇಲೆ ಯುದ್ಧಕ್ಕಾಗಿ ನೌಕಾಪಡೆ ಸೇರಿತು. 1921ರಲ್ಲಿ 56 ಜನರೊಂದಿಗೆ ಕಾಣೆಯಾಯಿತು. ಅದನ್ನು ಹುಡುಕಲು ಹೋದವರು ನನ್ನ ಹಾಗೆಯೇ ಕೊನೆಯ ಪುಟದಿಂದ ಶುರು ಮಾಡಿದರು.

ಮೊದಲು ಟಗ್ ಎಂದರೇನು ಎಂದು ನೋಡೋಣ. ಮಂಗಳೂರಿನ ಪಣಂಬೂರು ಬಂದರನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಬಹುಮಹಡಿ ಕಟ್ಟಡದಷ್ಟು ದೊಡ್ಡ ಹಡಗು ಬಂದರಿನೊಳಗೆ ತನ್ನಷ್ಟಕ್ಕೆ ತಾನೇ ತಿರುಗಲಾರದು. ಅದರ ಮಗ್ಗುಲಿಗೆ ಆಟಿಕೆಯಂತೆ ಕಾಣುವ ಒಂದೆರಡು ಸಣ್ಣ ಹಡಗುಗಳು ಬಂದು ನೂಕಿ, ಎಳೆದು ಅದನ್ನು ಧಕ್ಕೆಗೆ ತಂದು ನಿಲ್ಲಿಸುತ್ತವೆ. ಅವೇ ಟಗ್‌ಗಳು. ಅವುಗಳಲ್ಲಿ ಸರಕು ಇಡಲು ಜಾಗವಿಲ್ಲ, ಪ್ರಯಾಣಿಕರಿಗೂ ಜಾಗವಿಲ್ಲ. ಇರುವುದೆಲ್ಲ ಎಂಜಿನ್, ಇಂಧನ, ದೊಡ್ಡ ಪ್ರೊಪೆಲ್ಲರ್ ಮತ್ತು ಹಗ್ಗ. ಇನ್ನೊಂದು ಜಾತಿಯ ಟಗ್ ಇದೆ. ಅದು ಬಂದರಿನೊಳಗೆ ಇರದೆ ಸಮುದ್ರದಲ್ಲಿ ನೂರಾರು ಮೈಲಿ ಬಾರ್ಜುಗಳನ್ನು ಎಳೆದುಕೊಂಡು ಹೋಗುತ್ತದೆ. ಬಾರ್ಜು ಎಂದರೆ ಎಂಜಿನ್ ಇಲ್ಲದ, ಸರಕು ತುಂಬುವ ದೋಣಿ. ಕಾನೆಸ್ಟೋಗಾ ಈ ಎರಡನೇ ಜಾತಿಯದು. ಉದ್ದ 170 ಅಡಿ, ಅಗಲ 29 ಅಡಿ, ಉಕ್ಕಿನ ಒಡಲು, ಹಬೆಯ ಎಂಜಿನ್. 1904ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸ್ಪ್ಯಾರೋಸ್ ಪಾಯಿಂಟ್‌ನಲ್ಲಿ ಮೇರಿಲ್ಯಾಂಡ್ ಸ್ಟೀಲ್ ಕಂಪನಿ ಅದನ್ನು ಕಟ್ಟಿತು.

ಕಟ್ಟಿಸಿದ್ದು ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲ್ವೆ. ರೈಲ್ವೆ ಕಂಪನಿಗೆ ಹಡಗು ಯಾಕೆ ಬೇಕು? ನನಗೂ ಮೊದಲು ಇದೇ ಪ್ರಶ್ನೆ ಬಂತು. ಉತ್ತರ ಕಲ್ಲಿದ್ದಲಿನಲ್ಲಿದೆ. ಪೆನ್ಸಿಲ್ವೇನಿಯಾದ ಪೂರ್ವ ಭಾಗದಲ್ಲಿ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ಸಿಗುತ್ತದೆ. ಹೊಗೆ ಕಡಿಮೆ, ಶಾಖ ಹೆಚ್ಚು. ಚಳಿಗಾಲದಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳ ಮನೆಗಳನ್ನು ಬೆಚ್ಚಗಿಡುತ್ತಿದ್ದುದು ಅದೇ. ಗಣಿಯಿಂದ ಫಿಲಡೆಲ್ಫಿಯಾ ಬಂದರಿನವರೆಗೆ ರೈಲು ತರುತ್ತಿತ್ತು. ಅಲ್ಲಿಂದ ಕರಾವಳಿಯ ಉದ್ದಕ್ಕೂ ನ್ಯೂ ಇಂಗ್ಲೆಂಡಿನ ಊರುಗಳಿಗೆ ನೀರಿನ ದಾರಿಯೇ ಅಗ್ಗ. ಹಳಿ ಮುಗಿದ ಮೇಲೂ ಸರಕು ಮುಂದೆ ಹೋಗಬೇಕಲ್ಲ, ಅದಕ್ಕಾಗಿ ಕಂಪನಿ ತನ್ನದೇ ಟಗ್ ಮತ್ತು ಬಾರ್ಜುಗಳನ್ನು ಇಟ್ಟುಕೊಂಡಿತ್ತು.

ಇಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಸ್ವಲ್ಪ ನಿಲ್ಲಬೇಕು. ನನಗೆ ತುಂಬ ಇಷ್ಟವಾದ ಭಾಗ ಇದು. ಕಲ್ಲಿದ್ದಲನ್ನು ಒಂದು ಹಬೆ ಹಡಗಿನಲ್ಲೇ ತುಂಬಿ ಕಳಿಸಬಹುದಿತ್ತು. ಆದರೆ ಹಡಗಿಗೆ ತುಂಬಲು ಎರಡು ದಿನ, ಇಳಿಸಲು ಎರಡು ದಿನ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. ಆ ನಾಲ್ಕು ದಿನ ಎಂಜಿನ್ ಸುಮ್ಮನೆ ನಿಂತಿರುತ್ತದೆ. ಎಂಜಿನ್ನಿನವರಿಗೆ ಸಂಬಳ ಕೊಡಬೇಕು, ಸವಕಳಿ ನಡೆದೇ ಇರುತ್ತದೆ, ಬಂಡವಾಳದ ಬಡ್ಡಿ ನಿಲ್ಲುವುದಿಲ್ಲ. ಟಗ್ ಮತ್ತು ಬಾರ್ಜಿನ ವ್ಯವಸ್ಥೆಯಲ್ಲಿ ದುಬಾರಿಯಾದ ಎಂಜಿನ್ ಒಂದು ಕಡೆ, ಅಗ್ಗದ ಪಾತ್ರೆ ಇನ್ನೊಂದು ಕಡೆ. ಮೂರು ಜೊತೆ ಬಾರ್ಜುಗಳಿದ್ದರೆ ಒಂದು ಜೊತೆ ಇಲ್ಲಿ ತುಂಬುತ್ತಿರುತ್ತದೆ, ಇನ್ನೊಂದು ಅಲ್ಲಿ ಖಾಲಿಯಾಗುತ್ತಿರುತ್ತದೆ, ಮೂರನೆಯದನ್ನು ಟಗ್ ಎಳೆಯುತ್ತಿರುತ್ತದೆ. ಟಗ್‌ಗೆ ಕಾಯುವ ಕೆಲಸವಿಲ್ಲ. ಬಾರ್ಜುಗಳಿಗೆ ಹೆಚ್ಚು ದುಡ್ಡು ಹಾಕುವ ಅಗತ್ಯವೂ ಇರಲಿಲ್ಲ. ಹಬೆ ಹಡಗು ಬಂದ ಮೇಲೆ ಕೆಲಸ ಕಳೆದುಕೊಂಡ ಹಳೆಯ ಹಾಯಿಹಡಗುಗಳ ಕಂಬಗಳನ್ನು ಕತ್ತರಿಸಿ ಎಷ್ಟೋ ಬಾರ್ಜುಗಳನ್ನು ಮಾಡಿಕೊಳ್ಳುತ್ತಿದ್ದರು. ನಮ್ಮೂರಲ್ಲಿ ಒಂದೇ ಟ್ರ್ಯಾಕ್ಟರ್ ಇಟ್ಟುಕೊಂಡು ಎರಡು ಮೂರು ಟ್ರೈಲರ್ ತಿರುಗಿಸುವವರು ಮಾಡುವುದೂ ಇದೇ ಲೆಕ್ಕ.

ಸಮುದ್ರದಲ್ಲಿ ಎಳೆಯುವುದು ರಸ್ತೆಯಲ್ಲಿ ಎಳೆದಂತಲ್ಲ. ಟಗ್ ಒಂದು ಅಲೆಯ ಮೇಲೆ ಇರುವಾಗ ಬಾರ್ಜು ಇನ್ನೊಂದು ಅಲೆಯ ತಗ್ಗಿನಲ್ಲಿರುತ್ತದೆ. ನಡುವಿನ ಹಗ್ಗ ಒಮ್ಮೆ ಸಡಿಲವಾಗುತ್ತದೆ, ಮರುಕ್ಷಣ ಬಿಗಿಯಾಗುತ್ತದೆ. ಆ ಒಂದು ಎಳೆತಕ್ಕೆ ಎಂಥ ಉಕ್ಕಿನ ಹಗ್ಗವೂ ಕಿತ್ತುಹೋಗಬಹುದು. ಅದಕ್ಕೇ ಹಿಂಭಾಗದಲ್ಲಿ ಹಬೆಯಿಂದ ನಡೆಯುವ ದೊಡ್ಡ ವಿಂಚ್ ಇರುತ್ತದೆ. ಎಳೆತ ಹೆಚ್ಚಾದಾಗ ಸ್ವಲ್ಪ ಹಗ್ಗ ಬಿಡುವುದು, ಕಡಿಮೆಯಾದಾಗ ಸುತ್ತಿಕೊಳ್ಳುವುದು ಅದರ ಕೆಲಸ. ಹಗ್ಗ ಆಚೀಚೆ ಹೊರಳಲು ಅಡ್ಡಿಯಾಗಬಾರದೆಂದು ಟಗ್‌ನ ಹಿಂಭಾಗದ ಅಟ್ಟ ನೀರಿಗೆ ಬಹಳ ಹತ್ತಿರ, ತಗ್ಗಿನಲ್ಲಿರುತ್ತದೆ. ದೊಡ್ಡ ಅಲೆ ಬಂದರೆ ನೀರು ಮೊದಲು ಹತ್ತುವುದು ಅಲ್ಲಿಗೇ. ಈ ಎರಡು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಕಾನೆಸ್ಟೋಗಾ ಎಂಬುದು ಪೆನ್ಸಿಲ್ವೇನಿಯಾದ ಒಂದು ನದಿಯ ಹೆಸರು. ರೈಲು ಬರುವ ಮುಂಚೆ ಆ ಸೀಮೆಯಲ್ಲಿ ಸರಕು ಸಾಗಿಸುತ್ತಿದ್ದ, ಬಟ್ಟೆಯ ಮೇಲ್ಛಾವಣಿಯ ದೊಡ್ಡ ಬಂಡಿಗಳಿಗೂ ಅದೇ ಹೆಸರು. ಸರಕು ಎಳೆಯುವ ಹಡಗಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಇನ್ನೂ ಒಂದು ಸ್ವಾರಸ್ಯವಿದೆ. ಇದಕ್ಕೂ ಮುಂಚೆ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇದೇ ಹೆಸರಿನ ಒಂದು ಯುದ್ಧನೌಕೆ ಇತ್ತು. ಅದೂ ಮೊದಲಿಗೆ 1859ರಲ್ಲಿ ನದಿಯಲ್ಲಿ ದೋಣಿ ಎಳೆಯಲೆಂದು ಕಟ್ಟಿದ ಸಾಮಾನ್ಯ ಹಡಗು. 1861ರಲ್ಲಿ ಸರ್ಕಾರ ಅದನ್ನು ಪಡೆದು ತೋಪು ಕೂರಿಸಿತು. 1864ರ ಮಾರ್ಚ್‌ನಲ್ಲಿ ಮಿಸಿಸಿಪ್ಪಿ ನದಿಯಲ್ಲಿ ತನ್ನದೇ ಪಡೆಯ ಇನ್ನೊಂದು ಹಡಗು ಡಿಕ್ಕಿ ಹೊಡೆದು ಅದು ಮುಳುಗಿತು. ಮಾರ್ಚ್ ತಿಂಗಳು ಈ ಹೆಸರಿಗೆ ಒಳ್ಳೆಯದಲ್ಲವೇನೋ ಎಂದು ನನ್ನ ಬೆಂಚಿನ ಗೆಳೆಯ ಹೇಳಿದ. ನಾನು ಅಂಥದ್ದನ್ನೆಲ್ಲ ನಂಬುವುದಿಲ್ಲ.

ಇನ್ನು ಯುದ್ಧ. 1917ರ ಏಪ್ರಿಲ್ 6ರಂದು ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಯುದ್ಧ ಬಂದಾಗ ಹೊಸ ಹಡಗು ಕಟ್ಟಿಕೊಂಡು ಕೂರಲು ಸಮಯವಿರುವುದಿಲ್ಲ. ಶ್ರೀಮಂತರ ವಿಹಾರನೌಕೆ, ಮೀನು ಹಿಡಿಯುವ ದೋಣಿ, ಟಗ್ ಎಂದು ನೋಡದೆ ನೌಕಾಪಡೆ ಸಿಕ್ಕಿದ್ದನ್ನೆಲ್ಲ ಕೊಂಡುಕೊಂಡಿತು, ಬಾಡಿಗೆಗೂ ಪಡೆಯಿತು. ಹೀಗೆ ಸೇರಿದ ಹಡಗುಗಳಿಗೆ ಎಸ್‌ಪಿ ಎಂಬ ಅಕ್ಷರಗಳ ಜೊತೆ ಒಂದು ಸಂಖ್ಯೆ ಕೊಡುತ್ತಿದ್ದರು. ಕಾನೆಸ್ಟೋಗಾವನ್ನು 1917ರ ಸೆಪ್ಟೆಂಬರ್ 14ರಂದು ಕೊಂಡರು. ಅದರ ಸಂಖ್ಯೆ ಎಸ್‌ಪಿ 1128. ಒಂದು ಸಾವಿರಕ್ಕೂ ಮೇಲಿನ ಆ ಸಂಖ್ಯೆ ನೋಡಿದರೇ ಎಷ್ಟು ಹಡಗುಗಳ ಮೇಲೆ ನೌಕಾಪಡೆ ಕಣ್ಣಿಟ್ಟಿತ್ತು ಎಂದು ಗೊತ್ತಾಗುತ್ತದೆ. ನವೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ವಿಧಿವತ್ತಾಗಿ ನೌಕಾಪಡೆಗೆ ಸೇರಿಸಿಕೊಂಡರು. ಕಂಪನಿಯ ಪುಸ್ತಕದಲ್ಲಿ ಸ್ಥಿರ ಆಸ್ತಿಯ ಖಾತೆಯಿಂದ ಅದು ಹೊರಗೆ ಹೋಯಿತು, ಸರ್ಕಾರದ ಪಟ್ಟಿಯಲ್ಲಿ ಒಳಗೆ ಬಂತು.

ಹಡಗಿನ ಕೆಲಸ ಬದಲಾಯಿತೇ? ಹೆಚ್ಚೇನೂ ಇಲ್ಲ. ಮುಂಭಾಗದಲ್ಲಿ ಮೂರು ಇಂಚಿನ ತೋಪು ಬಂತು, ಸಮವಸ್ತ್ರ ಬಂತು. ಎಳೆಯುವ ಕೆಲಸ ಹಾಗೇ ಉಳಿಯಿತು. ಅಟ್ಲಾಂಟಿಕ್ ಕರಾವಳಿಯಲ್ಲಿ ಹಡಗುಗಳನ್ನು ಎಳೆಯುವುದು, ಸಾಮಗ್ರಿ ಮತ್ತು ತೋಪುಗಳನ್ನು ಸಾಗಿಸುವುದು, ಬರ್ಮುಡಾ ಮತ್ತು ಅಜೋರ್ಸ್‌ಗೆ ಹೋಗುವ ಹಡಗುಗಳ ಗುಂಪಿಗೆ ಬೆಂಗಾವಲಾಗಿ ಹೋಗುವುದು, ಇವು ಅದರ ಕೆಲಸಗಳು. ಅಜೋರ್ಸ್ ಎಂದರೆ ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್‌ಗೆ ಸೇರಿದ ದ್ವೀಪಗಳು. ಸಾಗರ ದಾಟುವ ಹಡಗಿಗೆ ಅರ್ಧ ದಾರಿಯಲ್ಲಿ ಕೆಟ್ಟರೆ ಆಸರೆ ಅಲ್ಲೇ. ಕಾನೆಸ್ಟೋಗಾ ಆ ದ್ವೀಪಗಳ ಸುತ್ತ ಗಸ್ತು ತಿರುಗಿತು. ಯುದ್ಧದ ಕೊನೆಯ ಹೊತ್ತಿಗೆ ಅಲ್ಲಿನ ಅಮೆರಿಕನ್ ನೆಲೆಗೆ ಸೇರಿ ಕೆಟ್ಟು ನಿಂತ ಹಡಗುಗಳನ್ನು ಎಳೆದು ತರುತ್ತಿತ್ತು.

ಅಜೋರ್ಸ್‌ನಲ್ಲಿ ನೆಲೆ ಬೇಕಾಗಿದ್ದಕ್ಕೆ ಒಂದು ಘಟನೆ ಸಾಕ್ಷಿ. 1917ರ ಜುಲೈ 4ರಂದು ಜರ್ಮನಿಯ ಯು 155 ಎಂಬ ಜಲಾಂತರ್ಗಾಮಿ ಅಲ್ಲಿನ ಪೊಂಟಾ ಡೆಲ್ಗಾಡಾ ಊರಿನ ಮೇಲೆ ಗುಂಡು ಹಾರಿಸಿತು. ಆ ಜಲಾಂತರ್ಗಾಮಿಯ ಹಿಂದಿನ ಹೆಸರು ಡಾಯ್ಚ್‌ಲಾಂಡ್. 1916ರಲ್ಲಿ ಅದನ್ನು ಕಟ್ಟಿದ್ದು ಯುದ್ಧಕ್ಕಲ್ಲ, ವ್ಯಾಪಾರಕ್ಕೆ! ಬ್ರಿಟನ್ನಿನ ದಿಗ್ಬಂಧನದ ಕಣ್ಣು ತಪ್ಪಿಸಿ ನೀರಿನಡಿಯಲ್ಲಿ ಬಣ್ಣದ ಸಾಮಗ್ರಿ ತುಂಬಿಕೊಂಡು ಅಮೆರಿಕಕ್ಕೆ ಬಂದು ರಬ್ಬರ್, ನಿಕಲ್ ಕೊಂಡೊಯ್ದಿತ್ತು. ಒಂದು ವರ್ಷದಲ್ಲಿ ಅದಕ್ಕೂ ಟಾರ್ಪೆಡೊ ಕೂರಿಸಿದರು. ಎರಡು ಕಡೆಯಲ್ಲೂ ವ್ಯಾಪಾರದ ಹಡಗುಗಳೇ ಯುದ್ಧಕ್ಕೆ ನಿಂತಿದ್ದವು. ನಮ್ಮ ಪಠ್ಯಪುಸ್ತಕದಲ್ಲಿ ವ್ಯಾಪಾರ ಒಂದು ಅಧ್ಯಾಯ, ಇತಿಹಾಸದವರ ಪುಸ್ತಕದಲ್ಲಿ ಯುದ್ಧ ಇನ್ನೊಂದು ಅಧ್ಯಾಯ. ಹಡಗಿಗೆ ಆ ವ್ಯತ್ಯಾಸ ಇಲ್ಲ.

1919ರ ಸೆಪ್ಟೆಂಬರ್ 26ರಂದು ಕಾನೆಸ್ಟೋಗಾ ನ್ಯೂಯಾರ್ಕಿಗೆ ವಾಪಸು ಬಂತು. ಆಮೇಲೆ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಬಂದರಿನ ಟಗ್ ಆಗಿ ಕೆಲಸ. 1920ರಲ್ಲಿ ನೌಕಾಪಡೆ ತನ್ನ ಹಡಗುಗಳಿಗೆಲ್ಲ ಹೊಸ ಗುರುತು ಕೊಟ್ಟಾಗ ಇದು ಎಟಿ 54 ಆಯಿತು. ಯುದ್ಧ ಮುಗಿದಿದ್ದರೂ ಕಂಪನಿಗೆ ಹಿಂತಿರುಗಲಿಲ್ಲ. ಹೊಸ ಆದೇಶ ಬಂತು: ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾದ ಟುಟುಯಿಲಾ ದ್ವೀಪಕ್ಕೆ ಹೋಗಿ ಅಲ್ಲಿನ ನೆಲೆಯ ಹಡಗಾಗಿ ಇರಬೇಕು. ಭೂಮಿಯ ಅರ್ಧದಷ್ಟು ದಾರಿ. 1920ರ ನವೆಂಬರ್ 18ರಂದು ಹೊರಟು, ಪನಾಮಾ ಕಾಲುವೆ ದಾಟಿ, 1921ರ ಜನವರಿ 7ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ತಲುಪಿತು. ಫೆಬ್ರುವರಿ 17ರಂದು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಮೇರ್ ಐಲ್ಯಾಂಡ್ ನೌಕಾ ಕಾರ್ಖಾನೆಗೆ ದುರಸ್ತಿಗಾಗಿ ಬಂತು. ಅಲ್ಲಿ ಒಂದು ತಿಂಗಳಿಗೂ ಹೆಚ್ಚು ಇತ್ತು.

1921ರ ಮಾರ್ಚ್ 25. ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ ಅದು ಗೋಲ್ಡನ್ ಗೇಟ್ ಜಲಸಂಧಿ ದಾಟಿ ತೆರೆದ ಸಮುದ್ರಕ್ಕೆ ಹೊರಟಿತು. ನಾವು ಚಿತ್ರಗಳಲ್ಲಿ ನೋಡುವ ಕೆಂಪು ಸೇತುವೆ ಆಗ ಇರಲಿಲ್ಲ, ಅದು ಬಂದಿದ್ದು 1937ರಲ್ಲಿ. ಹಡಗಿನ ಕಮಾಂಡರ್ ಲೆಫ್ಟಿನೆಂಟ್ ಅರ್ನೆಸ್ಟ್ ಲಾರ್ಕಿನ್ ಜೋನ್ಸ್. ಅವರನ್ನೂ ಸೇರಿಸಿ 56 ಜನ. ಮೊದಲ ನಿಲುಗಡೆ ಹವಾಯಿಯ ಪರ್ಲ್ ಹಾರ್ಬರ್, ಸುಮಾರು 3,900 ಕಿಲೋಮೀಟರ್ ದೂರ. ಆ ದಿನ ಗಾಳಿಯ ವೇಗ ಗಂಟೆಗೆ 23 ಮೈಲಿಯಿಂದ 40 ಮೈಲಿಗೆ ಏರಿತು, ಸಮುದ್ರ ಉಬ್ಬಿತು. ಹಡಗನ್ನು ಕಟ್ಟಿ ಆಗ ಹದಿನೇಳು ವರ್ಷ. ಈ ಸಂಖ್ಯೆ ಬರೆಯುವಾಗ ನನಗೆ ಏನೋ ಆಯಿತು, ಏಕೆಂದರೆ ಅದು ನನ್ನ ವಯಸ್ಸು.

ಪರ್ಲ್ ಹಾರ್ಬರ್‌ಗೆ ಅದು ಬರಲಿಲ್ಲ.

ಚಂಡಮಾರುತದೊಡನೆ ಸೆಣಸುತ್ತಿದ್ದೇವೆ, ಎಳೆಯುತ್ತಿದ್ದ ಬಾರ್ಜು ಅಲೆಗಳಿಗೆ ಕಿತ್ತುಹೋಯಿತು ಎಂಬರ್ಥದ, ಸರಿಯಾಗಿ ಕೇಳಿಸದ ಒಂದು ರೇಡಿಯೋ ಸಂದೇಶವನ್ನು ಇನ್ನೊಂದು ಹಡಗು ಆಮೇಲೆ ತಲುಪಿಸಿತು. ಅಷ್ಟೇ. ಹುಡುಕಾಟ ಶುರುವಾದದ್ದು ಹಡಗು ತಲುಪಬೇಕಾದ ಕಡೆಯಿಂದ, ಅಂದರೆ ಹವಾಯಿ ದ್ವೀಪಗಳ ಸುತ್ತ. ಬರಬೇಕಾದವರು ಬರದಿದ್ದರೆ ನಾವೂ ಬಸ್ ಸ್ಟ್ಯಾಂಡಿಗೇ ಹೋಗಿ ನೋಡುತ್ತೇವೆ, ಹಾಗಾಗಿ ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಮೇ 17ರಂದು ಸೆನೆಟರ್ ಎಂಬ ಹಬೆ ಹಡಗಿಗೆ ಮೆಕ್ಸಿಕೋದ ಮನ್ಸನಿಯೋ ಬಂದರಿನಿಂದ ಪಶ್ಚಿಮಕ್ಕೆ ಸುಮಾರು 650 ಮೈಲಿ ದೂರದಲ್ಲಿ ನಜ್ಜುಗುಜ್ಜಾದ ಒಂದು ಲೈಫ್‌ಬೋಟ್ ಸಿಕ್ಕಿತು. ಅದರ ಮೂತಿಯ ಮೇಲೆ ಇಂಗ್ಲಿಷಿನ ಸಿ ಅಕ್ಷರವಿತ್ತು. ಕಾನೆಸ್ಟೋಗಾ ಹೆಸರು ಶುರುವಾಗುವುದು ಆ ಅಕ್ಷರದಿಂದಲೇ. ಜನರ ಕಣ್ಣೆಲ್ಲ ಆ ಕಡೆ ತಿರುಗಿತು.

ಹುಡುಕಾಟ ಸಣ್ಣದಾಗಿರಲಿಲ್ಲ. ಹಡಗುಗಳು, ವಿಮಾನಗಳು ಸೇರಿ ಸುಮಾರು 3 ಲಕ್ಷ ಚದರ ಮೈಲಿ ಸಮುದ್ರವನ್ನು ಜಾಲಾಡಿದವು. ನಮ್ಮ ಇಡೀ ಕರ್ನಾಟಕ ಸುಮಾರು 74 ಸಾವಿರ ಚದರ ಮೈಲಿ. ಅಂಥ ನಾಲ್ಕು ಕರ್ನಾಟಕದಷ್ಟು ನೀರು. 1937ರಲ್ಲಿ ವಿಮಾನ ಚಾಲಕಿ ಅಮೇಲಿಯಾ ಇಯರ್‌ಹಾರ್ಟ್ ಕಾಣೆಯಾದಾಗ ನಡೆದ ಹುಡುಕಾಟದವರೆಗೆ ಇಷ್ಟು ದೊಡ್ಡದು ನಡೆದಿರಲಿಲ್ಲ. ಆದರೂ ಏನೂ ಸಿಗಲಿಲ್ಲ. 1921ರ ಜೂನ್ 30ರಂದು, ಹೊರಟ 97ನೇ ದಿನ, ಹಡಗೂ ಅದರಲ್ಲಿದ್ದ ಎಲ್ಲರೂ ಇಲ್ಲವಾದರು ಎಂದು ನೌಕಾಪಡೆ ಘೋಷಿಸಿತು. ಶಾಂತಿಕಾಲದಲ್ಲಿ ಸುಳಿವೇ ಇಲ್ಲದೆ ಕಳೆದುಹೋದ ಅಮೆರಿಕನ್ ನೌಕಾಪಡೆಯ ಕೊನೆಯ ಹಡಗು ಇದೇ.

ಲೆಕ್ಕಪುಸ್ತಕದ ದೃಷ್ಟಿಯಿಂದ ಇದು ಸರಿ. ಯಾವ ಖಾತೆಯನ್ನೂ ಕೊನೆಯಿಲ್ಲದೆ ತೆರೆದಿಡಲು ಆಗುವುದಿಲ್ಲ. ನಮ್ಮ ದೇಶದ 1963ರ ಸಾಗರ ವಿಮಾ ಕಾಯ್ದೆಯಲ್ಲೂ ಹೀಗೇ ಇದೆ: ಹಡಗು ಕಾಣೆಯಾಗಿ, ಸಮಂಜಸವಾದಷ್ಟು ಕಾಲ ಕಳೆದರೂ ಸುದ್ದಿ ಬರದಿದ್ದರೆ ಅದು ಪೂರ್ತಿ ನಷ್ಟವಾಗಿದೆ ಎಂದು ಭಾವಿಸಬಹುದು. ಎಷ್ಟು ಕಾಲ ಎಂದು ದಿನ ಗೊತ್ತು ಮಾಡಿಲ್ಲ. ಮನುಷ್ಯರ ವಿಷಯದಲ್ಲಿ ಕಾನೂನು ಇನ್ನಷ್ಟು ಕಾಯುತ್ತದೆ. ಒಬ್ಬ ವ್ಯಕ್ತಿಯ ಸುದ್ದಿ ಸಹಜವಾಗಿ ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ಏಳು ವರ್ಷ ಏನೂ ತಿಳಿಯದಿದ್ದರೆ, ಆತ ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು ಎಂದು ನಮ್ಮ ಸಾಕ್ಷ್ಯ ಕಾನೂನು ಹೇಳುತ್ತದೆ. ಹಡಗಿಗೆ ಸಮಂಜಸ ಕಾಲ, ಮನುಷ್ಯನಿಗೆ ಏಳು ವರ್ಷ.

ಮನೆಯವರ ಲೆಕ್ಕ ಬೇರೆ. ತಾಳೆಪಟ್ಟಿ ತಾಳೆಯಾಗದಿದ್ದಾಗ ವ್ಯತ್ಯಾಸದ ಮೊತ್ತವನ್ನು ಅಮಾನತು ಖಾತೆಯಲ್ಲಿ ಇಡುತ್ತೇವಲ್ಲ, ಕ್ಲಾಸಿನಲ್ಲಿ ನಾವೆಲ್ಲ ಸಸ್ಪೆನ್ಸ್ ಅಕೌಂಟ್ ಎನ್ನುವುದು, ಅದು ತಪ್ಪು ಸಿಗುವವರೆಗೆ ಮುಚ್ಚುವುದಿಲ್ಲ. ಆ ಪದ ಕನ್ನಡಕ್ಕೆ ಬಂದದ್ದು ನಮ್ಮ ಮನೆಯ ಮಾತಿನಿಂದ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿಕೆಯಿಂದ ಒಬ್ಬರ ಕೈಗೆ ಒಪ್ಪಿಸಿದ ವಸ್ತು, ಕೇಳಿದಾಗ ಹಿಂತಿರುಗಿಸಲೇಬೇಕಾದದ್ದು. ಕನ್ನಡದಲ್ಲಿ ಅದೇ ಪದ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದಕ್ಕೂ ಆಯಿತು, ಇತ್ಯರ್ಥವಾಗದ ಲೆಕ್ಕಕ್ಕೂ ಆಯಿತು. ಈ ಹಡಗಿನ ಕಥೆಯನ್ನು ನಾನು ಮನೆಯಲ್ಲಿ ಮೊದಲು ಹೇಳಿದ್ದು ನಮ್ಮ ದಾದಿಗೆ (ಕನ್ನಡದ ದಾದಿ ಅಲ್ಲ, ನಮ್ಮ ಅಬ್ಬಾನ ತಾಯಿ). ಹಡಗು ಎಷ್ಟು ಉದ್ದ, ಎಷ್ಟು ವೇಗ ಎಂದೆಲ್ಲ ಹೇಳುತ್ತಿದ್ದೆ. ಅವರು ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಲೋಗಾಂ ಮಿಲೆ ಕಿ ನೈ?" ಜನ ಸಿಕ್ಕಿದರೋ ಇಲ್ಲವೋ? ನಾನು ಆವರೆಗೆ ಹಡಗಿನ ಲೆಕ್ಕವನ್ನು ಮಾತ್ರ ಬರೆದುಕೊಂಡಿದ್ದೆ. ಆಮೇಲೆ ಕೂತು ಉಳಿದದ್ದನ್ನು ಓದಿದೆ.

ಅಮೆರಿಕದಲ್ಲಿ ಸಾಗರ ಮತ್ತು ಹವಾಮಾನ ನೋಡಿಕೊಳ್ಳುವ ನೋವಾ ಎಂಬ ಸರ್ಕಾರಿ ಸಂಸ್ಥೆ ಇದೆ. ಅದರವರು 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹೊರಗಿನ ಫ್ಯಾರಲಾನ್ ದ್ವೀಪಗಳ ಬಳಿ ಸಮುದ್ರದ ತಳದ ನಕ್ಷೆ ತಯಾರಿಸುತ್ತಿದ್ದರು. ಈ ಕೆಲಸ ಸೋನಾರ್‌ನಿಂದ ನಡೆಯುತ್ತದೆ. ಹಡಗಿನಿಂದ ಕೆಳಗೆ ಶಬ್ದ ಕಳಿಸಿ ಅದು ತಳಕ್ಕೆ ತಾಗಿ ಮರಳಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕುವುದು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಒಂದು ಕಡೆ, 189 ಅಡಿ ಆಳದಲ್ಲಿ, ಯಾವ ನಕ್ಷೆಯಲ್ಲೂ ಇಲ್ಲದ ಹಡಗಿನ ಆಕಾರ ಕಂಡಿತು. ಅವರು ಕಾನೆಸ್ಟೋಗಾವನ್ನು ಹುಡುಕಲು ಹೋದವರಲ್ಲ. ಅಲ್ಲಿ ಅದು ಇರಬಹುದು ಎಂದು ಯಾರಿಗೂ ಹೊಳೆದಿರಲೂ ಇಲ್ಲ.

2014ರಲ್ಲಿ ಕ್ಯಾಮೆರಾ ಇರುವ ಯಂತ್ರವನ್ನು ಕೆಳಗೆ ಇಳಿಸಿದರು. ಜೇಮ್ಸ್ ಡೆಲ್ಗಾಡೊ ಮತ್ತು ರಾಬರ್ಟ್ ಶ್ವೆಮರ್ ಎಂಬ ಸಾಗರ ಪುರಾತತ್ವಜ್ಞರು ಈ ಕೆಲಸ ನಡೆಸಿದರು. ಕಂಡದ್ದು ಉಕ್ಕಿನ ಒಂದು ಟಗ್. ನಾಲ್ಕು ಅಲಗಿನ, 12 ಅಡಿಗೂ ಮೀರಿದ ಪ್ರೊಪೆಲ್ಲರ್, ಹಬೆಯ ಎಂಜಿನ್, ಬಾಯ್ಲರ್‌ಗಳು, ಹಿಂಭಾಗದಲ್ಲಿ ಎಳೆಯುವ ವಿಂಚ್. ಇಷ್ಟು ಯಾವ ಟಗ್‌ನಲ್ಲಾದರೂ ಇರಬಹುದು. ಇನ್ನೂ ಒಂದು ಗುರುತು ಬೇಕಿತ್ತು. 2015ರ ಅಕ್ಟೋಬರ್‌ನಲ್ಲಿ ಮತ್ತೆ ಹೋಗಿ ಅನುಮಾನ ಪರಿಹರಿಸಿಕೊಂಡರು. ಹಳೆಯ ಫೋಟೋಗಳಲ್ಲಿ ಚಾಲಕನ ಕೋಣೆಯ ಮುಂದೆ ಕಾಣುವ ಮೂರು ಇಂಚಿನ ತೋಪು ಅಲ್ಲೇ ಇತ್ತು. ಕಲ್ಲಿದ್ದಲಿನ ಟಗ್‌ಗೆ ತೋಪು ಯಾಕೆ? ನೌಕಾಪಡೆ 1917ರಲ್ಲಿ ಕೊಂಡದ್ದರಿಂದ. ಎರಡು ಬದುಕಿನ ಹಡಗು ಎರಡೂ ಗುರುತುಗಳಿಂದಲೇ ಸಿಕ್ಕಿತು: ವಿಂಚ್ ನೋಡಿ ಟಗ್ ಎಂದು ತಿಳಿಯಿತು, ತೋಪು ನೋಡಿ ಯಾವ ಟಗ್ ಎಂದು ತಿಳಿಯಿತು.

ಅದು ಬಿದ್ದಿದ್ದ ಜಾಗ ಆಗ್ನೇಯ ಫ್ಯಾರಲಾನ್ ದ್ವೀಪದಿಂದ ಬರೀ ಮೂರು ಮೈಲಿ. ಗೋಲ್ಡನ್ ಗೇಟ್‌ನಿಂದ ಆ ದ್ವೀಪಗಳಿಗೆ ಸುಮಾರು 48 ಕಿಲೋಮೀಟರ್. ಹವಾಯಿಯ ದಾರಿಯಲ್ಲಿ ಎಂಬತ್ತರಲ್ಲಿ ಒಂದು ಪಾಲು. ನಾಲ್ಕು ಕರ್ನಾಟಕದಷ್ಟು ಸಮುದ್ರ ಜಾಲಾಡಿದವರು ಮನೆಯ ಬಾಗಿಲ ಮುಂದೆ ನೋಡಿರಲಿಲ್ಲ. ತೊಂಬತ್ತೈದು ವರ್ಷದ ಲೆಕ್ಕದ ತಪ್ಪು ಮೊದಲ ಪುಟದಲ್ಲಿತ್ತು, ಎರಡನೇ ಸಾಲಿನಲ್ಲಿ.

ಏನಾಯಿತು ಎಂದು ನೋಡಿದವರು ಯಾರೂ ಉಳಿದಿಲ್ಲ. ಹಡಗು ಬಿದ್ದಿರುವ ಜಾಗ ಮತ್ತು ಆ ದಿನದ ಹವಾಮಾನದ ದಾಖಲೆ ಜೋಡಿಸಿ ತಜ್ಞರು ಹೇಳುವುದು ಹೀಗೆ. ಅಲೆಗಳ ಹೊಡೆತಕ್ಕೆ ಟಗ್‌ನೊಳಗೆ ನೀರು ತುಂಬತೊಡಗಿರಬೇಕು. ಬಂದರಿಗೆ ಮರಳುವುದಕ್ಕಿಂತ ಹತ್ತಿರದ ದ್ವೀಪದ ಆಶ್ರಯದಲ್ಲಿ ನಿಲ್ಲೋಣ ಎಂದು ಅವರು ಅಲ್ಲಿನ ಒಂದು ಸಣ್ಣ ಕೊಲ್ಲಿಯ ಕಡೆ ತಿರುಗಿರಬೇಕು. ಬೇರೆ ದಾರಿ ಇದ್ದವರು ಹಾಗೆ ಮಾಡುವುದಿಲ್ಲ. ಆ ಕೊಲ್ಲಿಗೆ ಹೋಗುವುದೇ ಕಷ್ಟ, 1858ರಿಂದ 1907ರ ನಡುವೆ ಅಲ್ಲಿ ಐದು ಹಡಗುಗಳು ಒಡೆದಿದ್ದವು. ಇವರು ಅಷ್ಟು ದೂರವೂ ತಲುಪಲಿಲ್ಲ. ಹಾಗಾದರೆ ಮೆಕ್ಸಿಕೋದ ಕಡೆ ಸಿಕ್ಕ ಆ ಲೈಫ್‌ಬೋಟ್? ಒಂದೇ ಒಂದು ಅಕ್ಷರದ ಮೇಲೆ ಒಂದು ಹಡಗಿನ ಕಥೆ ಕಟ್ಟಿದ್ದರು. ನಾವು ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ಅದೇ ಮೊತ್ತದ ಯಾವುದೋ ನಮೂದು ಕಣ್ಣಿಗೆ ಬಿದ್ದರೆ "ಸಿಕ್ಕಿತು" ಎಂದು ಕೂಗುತ್ತೇವಲ್ಲ, ಹಾಗೆ.

2016ರ ಮಾರ್ಚ್ 23ರಂದು ವಾಷಿಂಗ್ಟನ್‌ನಲ್ಲಿ ನೋವಾ ಮತ್ತು ನೌಕಾಪಡೆ ಸೇರಿ ಈ ಸುದ್ದಿ ತಿಳಿಸಿದವು. 95 ವರ್ಷಕ್ಕೆ ಎರಡು ದಿನ ಕಡಿಮೆ. ಹಡಗಿನಲ್ಲಿದ್ದವರ ಕುಟುಂಬದವರು ಅಲ್ಲಿಗೆ ಬಂದಿದ್ದರು. ಅಷ್ಟು ವರ್ಷಗಳಾದ ಮೇಲೆ ಬಂದವರು ಮುಂದಿನ ತಲೆಮಾರಿನವರು. ದಾದಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ ಎಂದು ನಾನು ಹೇಳಿದೆ. ಎಲ್ಲಿದ್ದಾರೆಂದು ಗೊತ್ತಾಯಿತು, ಆದರೆ ಅವರ ತಾಯಂದಿರಿಗೆ ಹೇಳಲು ಆಗಲಿಲ್ಲ. "ಹೊರಗೆ ತೆಗೆಯುತ್ತಾರಾ?" ಎಂದು ಕೇಳಿದರು. ಇಲ್ಲ. ಮುಳುಗಿದ ಸೇನಾ ಹಡಗುಗಳನ್ನು ಯಾರೂ ಮುಟ್ಟಬಾರದೆಂದು ಅಮೆರಿಕದಲ್ಲಿ 2004ರ ಒಂದು ಕಾನೂನಿದೆ, ಅದನ್ನು ಗೋರಿಯಂತೆ ಕಾಯುತ್ತಾರೆ. ಅವರು ಚಿತ್ರ ತೋರಿಸು ಎಂದರು. 1921ರ ಆರಂಭದಲ್ಲಿ ಸ್ಯಾನ್ ಡಿಯೇಗೊದಲ್ಲಿ ತೆಗೆದ ಹಡಗಿನವರ ಗುಂಪು ಚಿತ್ರವೊಂದಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇವರೆಲ್ಲ ಮಕ್ಕಳು" ಎಂದರು.

ಈಗ ಆ ಹಡಗಿನ ಮೇಲೆ ಬಿಳಿಯ ಹೂವಿನಂಥ ಸಮುದ್ರಜೀವಿಗಳು ಬೆಳೆದಿವೆ, ಒಳಗೆ ಮೀನುಗಳು ಮನೆ ಮಾಡಿವೆ. ವಿಂಚ್‌ನ ಸುತ್ತ ಎಳೆಯುವ ಉಕ್ಕಿನ ಹಗ್ಗ ಇನ್ನೂ ಇದೆ.

ವಿಂಚ್ ಬಗ್ಗೆ ನಾನು ಮೇಲೆ ಬರೆದದ್ದೆಲ್ಲ ಓದಿ ತಿಳಿದದ್ದು, ಕಣ್ಣಾರೆ ಕಂಡದ್ದಲ್ಲ. ನಮ್ಮ ಕಾಲೇಜಿನಲ್ಲಿ ಅಬ್ಬಾ, ಅಣ್ಣ ಅಥವಾ ಮಾಮಾ ಹಡಗಿನಲ್ಲೋ ಬಂದರಿನಲ್ಲೋ ಕೆಲಸ ಮಾಡುವವರು ಹಲವರಿದ್ದಾರೆ. ಅವರು ರಜೆಗೆ ಬಂದಾಗ ಈ ಪುಟ ತೋರಿಸಿ, ತಪ್ಪಿದ್ದರೆ ಕೇಳಿಕೊಂಡು ಬಂದು ನನಗೆ ಹೇಳಿ. ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗ, ಕಿಟಕಿ ಪಕ್ಕದ ಮೂರನೇ ಬೆಂಚು.